ಕೇಳಿ ಕೂತ ಮಗ್ಗ

ನವಲಗುಂದ
2-9-2024

ನಸೀಮಾ ಆಪಾ ಅವರಿಗೆ ರೂಬಿನಾಳ ಸಲಾಂ.

ಫೋನಿರುವಾಗ ಇವಳೇಕೆ ಕಾಗದ ಬರೆದಳು ಎಂದು ನೀವು ಹುಬ್ಬು ಗಂಟಿಕ್ಕಿದ್ದು ನನಗೆ ಇಲ್ಲಿಂದಲೇ ಕಾಣುತ್ತದೆ. ಫೋನ್ ಮಾಡಿದರೆ ನಿಮ್ಮ ಯಜಮಾನರು ದಾವೂದ ಭಾಯಿ ಸ್ಪೀಕರ್ ಹಾಕಿ ನಡುವೆ ಕೂಡುತ್ತಾರೆ. ನಾನೊಂದು ಅಂದರೆ ಅವರು ಹತ್ತು ಅನ್ನುತ್ತಾರೆ, ನೀವು ಸುಮ್ಮನಿರುತ್ತೀರಿ, ಕಡೆಗೆ ಯಾರೋ ಒಬ್ಬರು ಕಟ್ ಮಾಡುತ್ತೇವೆ. ನಾವಿಬ್ಬರೂ ಕನ್ನಡ ಶಾಲೆಯಲ್ಲಿ ಕಲಿತವರು, ಅದಕ್ಕೆ ಕನ್ನಡದಲ್ಲಿ ಬರೆದಿದ್ದೇನೆ. ಬರೆದ ಮಾತಿನ ನಡುವೆ ಯಾರಿಗೂ ಬಾಯಿ ಹಾಕಲು ಬರುವುದಿಲ್ಲ.

ಅಮ್ಮಿಯ ನಲವತ್ತನೆಯ ದಿನದ ಫಾತಿಹಾ ಮುಗಿಸಿ ನೀವು ಬಸ್ಸು ಹತ್ತಿದಿರಿ. ಇಲ್ಲಿ ಇನ್ನೂ ತಾಟು ತೊಳೆದಿರಲಿಲ್ಲ. ನಿಮ್ಮ ತಮ್ಮ ಸಲೀಮ ನನ್ನನ್ನು ಕೂರಿಸಿಕೊಂಡು ಕಾನೂನು ಹೇಳಿದ. ಆಸ್ತಿ ಯಾರಿಗೆಂದು ಅಮ್ಮಿ ವಸೀಯತ್ ಬರೆದಿಟ್ಟಿಲ್ಲ. ಮನೆ ಅಮ್ಮಿಯ ಹೆಸರಿನಲ್ಲಿದೆ. ಆದ್ದರಿಂದ ಮೂರು ಪಾಲಿನಲ್ಲಿ ಎರಡು ಸಲೀಮನಿಗೆ, ಒಂದು ನಿಮಗೆ. ನನಗೂ ನನ್ನ ಮಗಳು ಶಿರೀನಳಿಗೂ ಏನೂ ಇಲ್ಲ. ಏಕೆಂದರೆ ನಿಮ್ಮಣ್ಣ, ಅಂದರೆ ನನ್ನ ಗಂಡ, ತಾಯಿಗಿಂತ ಮೊದಲು ತೀರಿಕೊಂಡರು. ತಾಯಿಯ ನಂತರ ಸತ್ತಿದ್ದರೆ ನಮಗೂ ಪಾಲು ಬರುತ್ತಿತ್ತಂತೆ. ಬದುಕಿದ್ದಾಗ ಒಂದು ದಿನವೂ ಬೇಗ ಏಳದ ಮನುಷ್ಯ, ಸಾಯುವುದರಲ್ಲಿ ಮಾತ್ರ ಅವಸರ ಮಾಡಿದರು.

ಸಲೀಮ ಕೆಟ್ಟವನಲ್ಲ, ನನಗೆ ಗೊತ್ತು. ಆದರೆ ಹುಬ್ಬಳ್ಳಿಯಲ್ಲಿ ಟೈರ್ ಅಂಗಡಿ ದೊಡ್ಡದು ಮಾಡುವ ಆತುರ ಅವನಿಗೆ. ಬಾಜು ಮನೆಯ ಪೈಪಿನ ಅಂಗಡಿ ಹೊಳೆಪ್ಪನಿಗೆ ಮನೆ ಮಾರುವ ಮಾತು ಆಗಿದೆ. ಮರುದಿನ ಬೆಳಿಗ್ಗೆಯೇ ಹೊಳೆಪ್ಪ ಟೇಪು ಹಿಡಿದು ಬಂದ. ಮುಂದಿನ ಕೋಣೆಯಲ್ಲಿ ಮಗ್ಗ ಅಡ್ಡ ಬಂತು. "ಅಕ್ಕಾರ, ಇದನ್ನ ಸ್ವಲ್ಪ ಸರಸ್ತೀರೇನ್ರಿ" ಅಂದ. ನೆಲದಲ್ಲಿ ಹುಗಿದು, ಗೋಡೆಗೆ ಬಿಗಿದು ನಿಲ್ಲಿಸಿದ ಜಮಖಾನದ ಮಗ್ಗವನ್ನು ಸರಿಸಬೇಕಂತೆ. ಅದು ಮಂಚವೇ ಆಪಾ?

ವಕೀಲ ಸಂಗನಬಸವ ಅವರನ್ನು ಕಂಡು ಬಂದೆ. ನಮ್ಮಲ್ಲಿ ದಾನಕ್ಕೆ ಕಾಗದವೇ ಬೇಕೆಂದಿಲ್ಲವಂತೆ. ಕೊಟ್ಟೆ ಎನ್ನಬೇಕು, ತಗೊಂಡೆ ಎನ್ನಬೇಕು, ವಸ್ತು ಕೈ ಬದಲಾಗಬೇಕು, ನೋಡಿದವರು ಹೇಳಬೇಕು. ಕಳೆದ ರಂಜಾನ್ ಹಬ್ಬದ ದಿನ ಅಮ್ಮಿ ಮಗ್ಗವನ್ನೂ ಮುಂದಿನ ಕೋಣೆಯನ್ನೂ ನನಗೆ ಕೊಟ್ಟರಲ್ಲ, ಆಗ ಅಲ್ಲಿದ್ದವರು ನೀವೊಬ್ಬರೇ. ಆ ಮಾತನ್ನು ನಾಲ್ಕು ಜನರ ಮುಂದೆ ಹೇಳಿದರೆ ಸಾಕು. ಇಲ್ಲದಿದ್ದರೆ ನಾನೂ ಶಿರೀನಳೂ ಬೀದಿಗೆ ಬೀಳುತ್ತೇವೆ. ಕೂಡಲೇ ಬರೆಯಿರಿ.

ರೂಬಿನಾ


ಕಲಘಟಗಿ
14-9-2024

ರೂಬಿನಾ ಭಾಬಿಗೆ ಸಲಾಂ.

ಕಾಗದ ಮುಟ್ಟಿತು. ಇಲ್ಲಿ ಮಳೆ ಬಿಡುತ್ತಿಲ್ಲ. ಗೋವಿನಜೋಳ ಹೊಲದಲ್ಲೇ ಮೊಳಕೆ ಒಡೆಯುತ್ತದೆಯೋ ಏನೋ ಎಂದು ಎಲ್ಲರೂ ಅಂಜಿದ್ದಾರೆ. ಇವರ ಮೊಣಕಾಲು ಮತ್ತೆ ಬಾತಿದೆ. ಗಿರಣಿ ನಾನೇ ನೋಡಿಕೊಳ್ಳುತ್ತಿದ್ದೇನೆ, ಮೈಯೆಲ್ಲ ಹಿಟ್ಟು. ಬರೆಯಲು ತಡವಾಯಿತು.

ಹಬ್ಬದ ದಿನ ನಾನು ಒಳಗೆ ಸುರ್ಕುಂಬಾ ಪಾಯಸಕ್ಕೆ ಗೋಡಂಬಿ ಹುರಿಯುತ್ತಿದ್ದೆ. ಅಮ್ಮಿ ಏನೋ ಅಂದಂತಿತ್ತು, ಸರಿಯಾಗಿ ಕೇಳಿಸಲಿಲ್ಲ. ಮುದುಕರು ಹಬ್ಬದ ದಿನ ಸಂತೋಷಕ್ಕೆ ನೂರು ಮಾತು ಆಡುತ್ತಾರೆ. ಅದನ್ನು ಹಿಡಿದುಕೊಂಡು ಪಂಚರ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಸಲೀಮ ನಿನ್ನನ್ನು ಬೀದಿಗೆ ಹಾಕುವವನಲ್ಲ. ಹುಬ್ಬಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ ನೋಡಿಕೊಡುತ್ತೇನೆ ಅಂದಿದ್ದಾನೆ. ಶಿರೀನಳ ಕಾಲೇಜಿಗೂ ಅದು ಹತ್ತಿರ.

ಇನ್ನೊಂದು ಮಾತು. ಅಮ್ಮಿ ಮಗ್ಗದಲ್ಲಿ ಹಿಡಿಯುತ್ತಿದ್ದ ಪಂಜಾ ಎಲ್ಲಿದೆ? ಸಾಧ್ಯವಾದರೆ ಅದನ್ನು ನನಗೆ ಕಳಿಸಿಕೊಡು.

ನಸೀಮಾ


ನವಲಗುಂದ
20-9-2024

ನಸೀಮಾ ಆಪಾ ಅವರಿಗೆ,

ಸಲಾಂ ಹೇಳಲೂ ಮನಸ್ಸು ಬರುತ್ತಿಲ್ಲ, ಆದರೂ ಹೇಳುತ್ತೇನೆ.

ಕೇಳಿಸಲಿಲ್ಲ ಎಂದು ಬರೆದಿದ್ದೀರಿ. ನನ್ನ ಮದುವೆಯಲ್ಲಿ ನಮ್ಮ ತವರಿನವರು ನಿಮಗೆ ಕೊಟ್ಟ ಸೀರೆಯ ಸೆರಗು ಗಿಡ್ಡವಿತ್ತು ಎಂದು ಇಪ್ಪತ್ತು ವರ್ಷದ ಮೇಲೂ ಹೇಳುವವರು ನೀವು. ಈ ವರ್ಷದ ಹಬ್ಬ ಮರೆತಿರಾ? ಅಮ್ಮಿ ಕೈಯಲ್ಲಿದ್ದ ಪಂಜಾ ಕೆಳಗಿಟ್ಟು, "ರೂಬಿನಾ, ಈ ಮಗ್ಗ ನಿಂದು, ಈ ಕ್ವಾಣಿನೂ ನಿಂದು. ನಸೀಮಾ, ನೀ ಸಾಕ್ಷಿ ನೋಡವಾ" ಅಂದಾಗ ನೀವು ಅಡುಗೆಮನೆಯಲ್ಲಿರಲಿಲ್ಲ. ಹೊಸ್ತಿಲ ಮೇಲೆ ನಿಂತಿದ್ದಿರಿ. ಕೈಯಲ್ಲಿದ್ದ ಬಟ್ಟಲಿನಿಂದ ಹಾಲು ಚೆಲ್ಲಿತು. ಅದನ್ನು ಒರೆಸಿದವಳು ನಾನು, ಆದ್ದರಿಂದ ನನಗೆ ನೆನಪಿದೆ.

ಈಗ ಪಂಜಾ ಕೇಳಿದ್ದೀರಿ. ನೂಲು ಬಡಿದು ಕೂರಿಸುವ ಆ ಕಬ್ಬಿಣದ ಪಂಜಾ ಇಲ್ಲದಿದ್ದರೆ ಮಗ್ಗ ಬರೀ ಕಟ್ಟಿಗೆ. ನೇಯಲು ಬಾರದ ನಿಮಗೆ ಅದೇಕೆ? ಮೊದಲು ಪಂಜಾ, ಆಮೇಲೆ ಕಂಬ, ಆಮೇಲೆ ಕೋಣೆ, ಹೀಗೆ ಒಂದೊಂದೇ ಒಯ್ಯುವ ವಿಚಾರವಿದ್ದರೆ ಸಲೀಮನ ಹಾಗೆ ನೇರ ಬಂದು ಹೇಳಿ. ಅವನು ಕೇಳುವುದನ್ನು ಮುಖ ನೋಡಿ ಕೇಳುತ್ತಾನೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಬಾಳು. ಪಂಜಾ ಕೊಡುವುದಿಲ್ಲ.

ಬಾಡಿಗೆ ಕೋಣೆಯ ಮಾತು ಇನ್ನೊಮ್ಮೆ ಬರೆಯಬೇಡಿ. ಮಗ್ಗ ನಿಲ್ಲಿಸಲು ಗೋಡೆ ಒಡೆಯುತ್ತೇನೆ ಅಂದರೆ ಯಾವ ಮಾಲೀಕ ಕೋಣೆ ಕೊಡುತ್ತಾನೆ? ಜಮಖಾನ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ.

ಅಕ್ಟೋಬರ್ ಆರಕ್ಕೆ, ಭಾನುವಾರ, ಖಾಜಿ ಸಿರಾಜುದ್ದೀನ ಅವರ ಮನೆಯಲ್ಲಿ ಕೂಡುವುದಾಗಿದೆ. ಸಲೀಮ ಬರುತ್ತಾನೆ, ವಕೀಲರೂ ಬರುತ್ತಾರೆ. ನೀವು ಬರಲೇಬೇಕು.

ರೂಬಿನಾ


ನವಲಗುಂದ
8-10-2024

ನಸೀಮಾ ಆಪಾ ಅವರಿಗೆ ಸಲಾಂ.

ನೀವು ಬರಲಿಲ್ಲ. ಮೊಣಕಾಲು ನಿಮ್ಮ ಯಜಮಾನರದ್ದು, ಬಸ್ಸು ಹತ್ತಬೇಕಾದವರು ನೀವು. ಇರಲಿ. ಆದದ್ದನ್ನು ನಿಮಗಲ್ಲದೆ ಯಾರಿಗೆ ಹೇಳಲಿ?

ನೀವು ಇಲ್ಲದಿದ್ದರೂ ಕೆಲಸ ಆಗುವ ಹಾಗಿತ್ತು. ಸಲೀಮ ಸುಳ್ಳು ಹೇಳಲಿಲ್ಲ. ಅಮ್ಮಿ ಹಾಗೆ ಅಂದದ್ದು ತನ್ನ ಕಿವಿಗೂ ಬಿದ್ದಿತ್ತು, ಆದರೆ ತಾನು ಎದುರಿಗೆ ಇರಲಿಲ್ಲ ಅಂದ. ಖಾಜಿಯವರು ತಲೆದೂಗಿದರು. ವಕೀಲರು ನನ್ನ ಕಡೆ ನೋಡಿ ಮೀಸೆಯಲ್ಲಿ ನಕ್ಕರು. ನಾನು ಒಳಗೇ ಅಲ್ಲಾಹನಿಗೆ ಶುಕ್ರಿಯಾ ಹೇಳಿಕೊಂಡೆ.

ಆಗ ಖಾಜಿಯವರು, ವಸ್ತು ಕೈ ಬದಲಾಯಿತೋ ಇಲ್ಲವೋ ತಿಳಿಯಬೇಕೆಂದು, ಒಂದು ಪ್ರಶ್ನೆ ಕೇಳಿದರು. "ಮಗ್ಗಕ್ಕ ಕೂಡೂ ಮೊದಲ ನಿಮ್ಮತ್ತೀನ್ನ ಕೇಳತಿದ್ದೇನವಾ?"

ನನ್ನ ಸೆಟೆ ನೋಡಬೇಕಿತ್ತು ನೀವು. ಒಳ್ಳೇ ಮನೆತನದ ಹೆಣ್ಣು ನಾನು ಎಂದು ತೋರಿಸುವ ಸಮಯ ಬಂತು ಅಂದುಕೊಂಡೆ. "ದಿನಾ ಕೇಳತಿದ್ದೆನ್ರಿ. ಅಮ್ಮಿ, ಕೂಡ್ಲೇನು ಅಂತ ಕೇಳಲಾರದ ಒಂದಿನಾನೂ ಕೂತಾಕಿ ಅಲ್ಲ ನಾ."

"ಈದ್ ಆದಮ್ಯಾಲೂ?"

"ಆದಮ್ಯಾಲೂ ಕೇಳೀನ್ರಿ. ಅವರು ಹೂಂ ಅಂದಮ್ಯಾಲನ ಕೂತೀನಿ."

ವಕೀಲರು ಹಣೆ ಹಿಡಿದುಕೊಂಡರು. ಯಾಕೆಂದು ನನಗೆ ಆಗಲೂ ತಿಳಿಯಲಿಲ್ಲ. ಸ್ವಂತ ವಸ್ತುವಿಗೆ ಯಾರೂ ಅಪ್ಪಣೆ ಕೇಳುವುದಿಲ್ಲವಂತೆ. ಅಮ್ಮಿ ಬಾಯಲ್ಲಿ ಕೊಟ್ಟರೂ ಕೈಯಲ್ಲಿ ಬಿಡಲಿಲ್ಲ, ನಾನು ಬಾಯಲ್ಲಿ ತಗೊಂಡರೂ ಮನಸ್ಸಿನಲ್ಲಿ ತಗೊಳ್ಳಲಿಲ್ಲ, ಆದ್ದರಿಂದ ದಾನ ಪೂರ್ತಿಯಾಗಿಲ್ಲ ಅಂದರು ಖಾಜಿಯವರು. ಮಗ್ಗ ಕೊನೆಯವರೆಗೂ ಅಮ್ಮಿಯದೇ. ಈಗ ನಿಮ್ಮಿಬ್ಬರದು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಾನು ನನ್ನ ಕೈಯಿಂದಲೇ ತಟ್ಟಿ ಬೀಳಿಸಿದೆ. ಮದುವೆಯಾಗಿ ಬಂದ ದಿನದಿಂದ ಕೇಳಿ ಕೂಡು, ಕೇಳಿ ಏಳು, ಕೇಳಿ ಉಣ್ಣು ಎಂದು ಕಲಿಸಿದರು. ಕಲಿತದ್ದಕ್ಕೆ ಇದು ಫಲ. ಒಂದು ದಿನ ಉದ್ಧಟತನ ಮಾಡಿ, ಕೇಳದೆ ಧಡ್ಡನೆ ಕೂತಿದ್ದರೆ ಇವತ್ತು ಮಗ್ಗವೂ ಕೋಣೆಯೂ ಉಳಿಯುತ್ತಿದ್ದವು. ಈಗ ನಾನು ನಗಬೇಕೋ ಅಳಬೇಕೋ ಹೇಳಿ.

ಮಾರಾಟಕ್ಕೆ ಇನ್ನು ನಿಮ್ಮ ಸಹಿ ಒಂದೇ ಬಾಕಿ. ಮಾಡಿಬಿಡಿ.

ರೂಬಿನಾ


ಕಲಘಟಗಿ
27-10-2024

ರೂಬಿನಾ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಪ್ರತಿ ಸಲವೂ ಸಿಟ್ಟು ಬಂತು. ಮೊದಲು ನಿನ್ನ ಮೇಲೆ, ಆಮೇಲೆ ಅಮ್ಮಿಯ ಮೇಲೆ. ಸತ್ತವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ಹಾಗಾದರೆ ಅವರು ಎಲ್ಲ ನೆಟ್ಟಗೆ ಮಾಡಿಟ್ಟು ಸಾಯಬೇಕು.

ನನಗೆ ಎಲ್ಲ ನೆನಪಿದೆ. ಹೊಸ್ತಿಲು ನೆನಪಿದೆ, ಬಟ್ಟಲು ನೆನಪಿದೆ. ಹಾಲು ಏಕೆ ಚೆಲ್ಲಿತು ಎಂಬುದು ಮಾತ್ರ ನಿನಗೆ ಗೊತ್ತಿಲ್ಲ, ಕೇಳು.

ನಮ್ಮ ಮನೆಯಲ್ಲಿ ಮಗ್ಗ ಸೊಸೆಗೆ, ಮಗಳಿಗಲ್ಲ. ಮಗಳಿಗೆ ಕಲಿಸಿದರೆ ವಿದ್ಯೆ ಬೇರೆ ಮನೆಗೆ ಹೋಗುತ್ತದೆ. ಚಿಕ್ಕವಳಿದ್ದಾಗ ನೂಲಿನ ಉಂಡೆ ಕಟ್ಟಿದವಳು ನಾನು, ಬಣ್ಣದ ಹಂಡೆ ತೊಳೆದವಳು ನಾನು. ಹೂವು ಮೂಡಿಸುವ ನೂಲಿನ ಎಣಿಕೆ ಶುರುವಾಯಿತೋ, ದಾದಿ, ನಮ್ಮಪ್ಪನ ತಾಯಿ, ನನ್ನನ್ನು ನೀರಿಗೆ ಕಳಿಸುತ್ತಿದ್ದಳು. ಕೊಡ ತುಂಬಿದ್ದರೂ ಚೆಲ್ಲಿ ಮತ್ತೆ ಕಳಿಸುತ್ತಿದ್ದಳು. ನಾನು ಹುಟ್ಟಿದ ಮನೆಯ ಗೋಡೆಗೆ ಆತು ನಿಂತು, ಹೊರಗಿನಿಂದ ಪಂಜಾ ಬಡಿಯುವ ಸಪ್ಪಳ ಕೇಳುತ್ತಿದ್ದೆ. ಆಮೇಲೆ ನೀನು ಬಂದೆ, ಎಲ್ಲಿಯೋ ಅಣ್ಣಿಗೇರಿಯ ಹುಡುಗಿ. ನೂಲು ಯಾವುದು ದಾರ ಯಾವುದು ತಿಳಿಯದವಳಿಗೆ ಅಮ್ಮಿ ತೊಡೆಯ ಹತ್ತಿರ ಕೂರಿಸಿಕೊಂಡು ಕಲಿಸಿದಳು.

ಹಬ್ಬದ ದಿನ, ನಿನ್ನನ್ನು ಕರೆಯುವ ಸ್ವಲ್ಪ ಮೊದಲು, ನಾನು ಅಮ್ಮಿಯನ್ನು ಕೇಳಿದ್ದೆ. ಈ ವಯಸ್ಸಿನಲ್ಲಿ, ನಾಚಿಕೆ ಬಿಟ್ಟು. "ಅಮ್ಮಿ, ಈಗರ ನನಗ ಕಲಸು. ನನ್ನ ಮಗಗ ಹೆಣ್ಣ ನೋಡಾಕತ್ತೀವಿ. ಇನ್ನ ನಾ ಈ ವಿದ್ಯಾ ಎಲ್ಲಿಗೆ ಒಯ್ಯಲಿ?"

ಅಮ್ಮಿ ನಕ್ಕಳು. "ನೀ ಹೋಗೂವಾಕಿ ನೋಡವಾ" ಅಂದಳು. ನಾನು ಹೋಗಿ ಇಪ್ಪತ್ತೈದು ವರ್ಷದ ಮೇಲಾಯಿತು, ಅವಳಿಗೆ ನಾನು ಇನ್ನೂ ಹೋಗುವವಳೇ. ಆಮೇಲೆ ನಿನ್ನನ್ನು ಕರೆದು ಮಗ್ಗ ಕೊಟ್ಟಳು, ಸಾಕ್ಷಿಗೆ ನನ್ನನ್ನೇ ನಿಲ್ಲಿಸಿದಳು.

ಅದಕ್ಕೇ ನಾನು ಖಾಜಿಯವರ ಮನೆಗೆ ಬರಲಿಲ್ಲ. ಆ ಮಾತನ್ನು ನನ್ನ ಬಾಯಿಂದ ಇನ್ನೊಮ್ಮೆ ಆಡುವುದು ನನ್ನಿಂದ ಆಗಲಿಲ್ಲ. ನೇಯಲು ಬಾರದ ನಿಮಗೆ ಪಂಜಾ ಏಕೆ ಎಂದು ಕೇಳಿದೆಯಲ್ಲ, ಅದೇ ಉತ್ತರ.

ಸಹಿ ಮಾಡುವುದಿಲ್ಲ. ಸಲೀಮನಿಗೂ ಇಲ್ಲ, ನಿನಗೂ ಇಲ್ಲ. ಮನೆ ಹಾಗೇ ಬೀಳಲಿ.

ನಸೀಮಾ


ನವಲಗುಂದ
11-11-2024

ಆಪಾ,

ನಿಮ್ಮ ಕಾಗದ ಕೈಸೇರಿ ಹತ್ತು ದಿನವಾಯಿತು.

ನಿಮಗೆ ಮಗ್ಗದ ಆಸೆ ಇತ್ತೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನೀವು ಬಂದಾಗಲೆಲ್ಲ ಕೋಣೆಯ ಬಾಗಿಲಲ್ಲಿ ನಿಂತು, ಧೂಳು ಅಂತ ಮೂಗು ಮುಚ್ಚಿಕೊಂಡು ಹೋಗುತ್ತಿದ್ದಿರಿ. ನನ್ನ ಕೆಲಸ ನಿಮಗೆ ಹೇಸಿಗೆ ಅಂದುಕೊಂಡಿದ್ದೆ. ನಿಮ್ಮ ಬಗ್ಗೆ ಹೊಟ್ಟೆಕಿಚ್ಚೂ ಪಟ್ಟಿದ್ದೇನೆ. ನಿಮಗೆ ಕಲಿಸಲಿಲ್ಲವೆಂದು ನಿಮಗೆ ದುಃಖ. ಕಲಿಸಿದ್ದರಿಂದ ನನ್ನ ಬೆನ್ನು ಹೋಯಿತು, ಬೆರಳು ಮಡಚುವುದಿಲ್ಲ, ಚಳಿಗಾಲದಲ್ಲಿ ರೊಟ್ಟಿ ತಟ್ಟಲು ಶಿರೀನಳನ್ನು ಕರೆಯಬೇಕು. ಅಮ್ಮಿ ತೊಡೆಯ ಹತ್ತಿರ ಕೂರಿಸಿಕೊಂಡದ್ದು ನಿಜ. ಎಣಿಕೆ ತಪ್ಪಿದರೆ ಆ ತೊಡೆಯ ಹತ್ತಿರದಿಂದಲೇ ಚಿವುಟುತ್ತಿದ್ದರು, ಅದನ್ನೂ ತಿಳಿದಿರಿ.

ಮಗಳಿಗೆ ಏಕೆ ಕಲಿಸಬಾರದು ಎಂದು ಒಮ್ಮೆ ಕೇಳಿದ್ದೆ. "ನಮ್ಮತ್ತಿ ಹಂಗ ಮಾಡಿದ್ಲು" ಅಂದರು. ಇನ್ನೇನಾದರೂ ಹೇಳುತ್ತಾರೆಂದು ಕಾದೆ. ನೂಲು ಕೊಡು ಅಂದರು. ಇಷ್ಟೇ ಆಪಾ. ನಿಮ್ಮ ಮೇಲೆ ಮುನಿಸಿರಲಿಲ್ಲ, ನನ್ನ ಮೇಲೆ ವಿಶೇಷ ಪ್ರೀತಿಯೂ ಇರಲಿಲ್ಲ. ಯೋಚನೆಯನ್ನೇ ಮಾಡಿರಲಿಲ್ಲ. ವಸೀಯತ್ ಬರೆಯದೆ ಹೋದದ್ದೂ ಹಾಗೆಯೇ.

ಅವರನ್ನು ಬೈದುಕೊಳ್ಳುತ್ತಾ ಕೂತಿದ್ದೆ. ಆಗ ಶಿರೀನ ಬಂದು, ಮಗ್ಗ ಹೋದರೆ ನಾವೇನು ಮಾಡುವುದು, ನನಗೂ ಬರುವುದಿಲ್ಲವಲ್ಲ ಅಂದಳು. ನನಗಿರುವವಳು ಒಬ್ಬಳೇ ಮಗಳು, ಈ ಮನೆಗೆ ಸೊಸೆ ಬರುವ ದಾರಿಯೇ ಇಲ್ಲ. ಹಾಗಿದ್ದೂ ಅವಳಿಗೆ ಕಲಿಸಬೇಕೆಂದು ನನಗೂ ತೋಚಿರಲಿಲ್ಲ.

ಪಂಜಾ ರಿಜಿಸ್ಟರ್ ಪಾರ್ಸೆಲ್ ಮಾಡಿದ್ದೇನೆ. ಅಂಚೆಯವರು ಇದೇನು ಆಯುಧವೇ ಎಂದು ಕೇಳಿದರು. ಅತ್ತೆಯದು ಅಂದೆ.

ರೂಬಿನಾ


ಕಲಘಟಗಿ
9-12-2024

ರೂಬಿನಾ ಭಾಬಿಗೆ ಸಲಾಂ.

ಪಂಜಾ ಬಂತು. ಇಷ್ಟು ಭಾರವಿರುತ್ತದೆ ಎಂದು ಗೊತ್ತಿರಲಿಲ್ಲ. ಇವರು ತೂಕದ ತಕ್ಕಡಿಯಲ್ಲಿ ಇಟ್ಟು ನೋಡಲು ಹೋದರು, ಬೈದೆ.

ಕಳೆದ ವಾರ ಸಲೀಮ ಮಾರಾಟದ ಕಾಗದ ತಂದಿದ್ದ. ಸಹಿ ಮಾಡುವುದಿಲ್ಲ ಅಂದೆ. ಅವನು ಕೂಗಾಡಿದ. ಮೊಣಕಾಲು ಬಾತ ಇವರೂ ಎದ್ದು ನಿಂತು ಕೂಗಾಡಿದರು, ಒಂದು ಪಾಲಾದರೂ ಕೈಗೆ ಬರಲಿ ಎಂದು. ಇಬ್ಬರೂ ದಣಿಯುವ ತನಕ ನಾನು ಗಿರಣಿ ಚಾಲೂ ಮಾಡಿ ಕೂತೆ. ಅದರ ಸಪ್ಪಳದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ಆಮೇಲೆ ಹೇಳಿದೆ. ಕಾನೂನು ಮೂರರಲ್ಲಿ ಒಂದು ಪಾಲು ನನ್ನದು ಅಂದಿದೆ. ನನಗೆ ರೊಕ್ಕ ಬೇಡ, ಜಾಗವೇ ಬೇಕು. ಮುಂದಿನ ಕೋಣೆ, ಮಗ್ಗ, ಬಾಜುವಿನ ಒಲೆಯ ಜಾಗ ನನಗಿರಲಿ. ಹಿಂದಿನ ಕೋಣೆಗಳು, ಹಿತ್ತಲು ನೀನು ತಗೋ, ಹೊಳೆಪ್ಪನಿಗೆ ಬೇಕಾದರೆ ಮಾರು. ಹೊಳೆಪ್ಪನಿಗೂ ಬೇಕಿದ್ದದ್ದು ಹಿತ್ತಲೇ ಅಂತೆ, ಪೈಪು ಇಡಲು. ಕಡೆಗೆ ಸಲೀಮ, ನೀ ಅಮ್ಮಿಗಿಂತ ಹಟಮಾರಿ ಅಂದು, ಚಹಾ ಕುಡಿದು ಹೋದ. ಪಾಲು ಹಂಚುವ ವಾಟ್ನಿಯ ಕಾಗದ ವಕೀಲರು ಬರೆಯುತ್ತಿದ್ದಾರೆ.

ಇನ್ನು ನಿನ್ನನ್ನು ಯಾರೂ ಏಳಿಸುವುದಿಲ್ಲ. ಮಗ್ಗ ಈಗ ನನ್ನದು, ನೀನು ಆರಾಮವಾಗಿ ನೇಯುತ್ತಾ ಇರು.

ನಸೀಮಾ


ನವಲಗುಂದ
16-12-2024

ಆಪಾ ಅವರಿಗೆ ಸಲಾಂ.

ನಿಮ್ಮ ಕಾಗದ ಓದಿ ಶಿರೀನ ಕುಣಿದಳು. ನಾನೂ ನೆಮ್ಮದಿಯಿಂದ ಉಂಡೆ. ಉಂಡ ಮೇಲೆ ಸಿಟ್ಟು ಬಂತು. ಬೇರೆಯವರಾದರೆ ಇದನ್ನು ನುಂಗಿಕೊಂಡು ನಿಮ್ಮ ಕಾಲು ಹಿಡಿಯುತ್ತಿದ್ದರು. ನನ್ನ ಬಾಯಿ ಕೆಟ್ಟದ್ದು, ನಿಮಗೆ ಗೊತ್ತೇ ಇದೆ.

ಮಗ್ಗ ಈಗ ನನ್ನದು ಎಂದು ಬರೆದಿದ್ದೀರಿ. ಮೊದಲು ಅತ್ತೆಯ ಮಗ್ಗ, ಈಗ ನಾದಿನಿಯ ಮಗ್ಗ. ನಾಳೆ ನಿಮಗೇನಾದರೂ ಆದರೆ, ನಿಮಗೆ ನೂರು ವರ್ಷ ಆಯುಷ್ಯವಿರಲಿ, ದಾವೂದ ಭಾಯಿ ಒಂದು ಪಾಲು, ನಿಮ್ಮ ಗಂಡುಮಕ್ಕಳು ಒಂದೊಂದು ಪಾಲು ಎಂದು ಮತ್ತೆ ಟೇಪು ಹಿಡಿದು ಬರುತ್ತಾರೆ. ಆಗ ನಾನು ಮುದುಕಿ. ಮತ್ತೆ ಖಾಜಿ, ಮತ್ತೆ ವಕೀಲರು, ಮತ್ತೆ ಕಾನೂನಿನಲ್ಲಿ ನಿನಗೇನೂ ಇಲ್ಲವ್ವ ಎಂಬ ಮಾತು. ನೀವು ಬಾಯಲ್ಲಿ ಆರಾಮವಾಗಿ ನೇಯಿ ಅಂದದ್ದು ಆಗ ಯಾವ ಲೆಕ್ಕಕ್ಕೆ? ಅಮ್ಮಿಯೂ ಬಾಯಲ್ಲೇ ಅಂದದ್ದು.

ನನಗೆ ನನ್ನ ಹೆಸರಿನಲ್ಲಿ ಒಂದು ವಸ್ತು ಬೇಕು ಆಪಾ. ದೊಡ್ಡದಲ್ಲ. ಅಣ್ಣಿಗೇರಿಯಲ್ಲಿ ಎಲ್ಲ ಅಪ್ಪನದಿತ್ತು, ಇಲ್ಲಿಗೆ ಬಂದ ಮೇಲೆ ಎಲ್ಲ ಅಮ್ಮಿಯದಾಯಿತು, ಗಂಡನ ಹೆಸರಿನಲ್ಲಿ ಒಂದು ಸೈಕಲ್ ಸಹ ಇರಲಿಲ್ಲ. ಕೇಳಲು ನನಗೆ ಯಾವ ಹಕ್ಕೂ ಇಲ್ಲ, ಅದೂ ಗೊತ್ತು. ಆದರೂ ಕೇಳುತ್ತಿದ್ದೇನೆ. ಇಲ್ಲ ಅಂದರೆ ಇಲ್ಲ ಎಂದೇ ಬರೆಯಿರಿ. ಮಳೆಯ ಸುದ್ದಿ ಬರೆಯಬೇಡಿ.

ರೂಬಿನಾ


ಕಲಘಟಗಿ
22-1-2025

ರೂಬಿನಾ,

ಮೊನ್ನೆ ನವಲಗುಂದಕ್ಕೆ ಬಂದು ಹೋದವಳು ಮತ್ತೇಕೆ ಬರೆಯುತ್ತಿದ್ದಾಳೆ ಎನ್ನಬೇಡ. ಅಲ್ಲಿ ನನಗೆ ಬಾಯಿ ಬರಲಿಲ್ಲ.

ನಿನ್ನ ಕಾಗದ ಓದಿ ಮೊದಲು, ಇವಳಿಗೆ ಬೆರಳು ಕೊಟ್ಟರೆ ಹಸ್ತ ನುಂಗುತ್ತಾಳೆ ಅಂದುಕೊಂಡೆ. ಇವರಿಗೂ ಹಾಗೇ ಅಂದೆ. ಇವರು, ಹೌದು ಅಂದರು. ಅವರು ಹೌದು ಅಂದ ಕೂಡಲೇ ನನಗೆ ನಿನ್ನ ಮಾತು ಸರಿ ಅನ್ನಿಸಿತು.

ಬಾಯಿಮಾತು ಸಾಕು ಎಂದು ಖಾಜಿಯವರು ಹೇಳಿದರು, ಬರೆದುಕೊಳ್ಳಿ ಎಂದು ವಕೀಲರು ಹೇಳಿದರು. ಮೊನ್ನೆ ನಾನು ಎರಡನ್ನೂ ಮಾಡಿದೆ, ಕೊಟ್ಟೆ ಎಂದು ಬಾಯಲ್ಲೂ ಅಂದೆ, ದಾನದ ಕಾಗದಕ್ಕೂ ಸಹಿ ಹಾಕಿದೆ. ನಮ್ಮ ಮನೆಯಲ್ಲಿ ಬಾಯಿಮಾತು ನಂಬಿ ಆದದ್ದು ಸಾಕು. ಕೋಣೆಯೂ ಮಗ್ಗವೂ ಇನ್ನು ನಿನ್ನವು, ನಿನ್ನ ನಂತರ ಶಿರೀನಳವು. ನನ್ನ ಮಕ್ಕಳು ಕೇಳಿದರೆ ಕಾಗದ ತೋರಿಸು, ನಾಚಿಕೊಳ್ಳಬೇಡ.

ಒಂದು ವಿಷಯ ಮಾತ್ರ ನನಗೆ ಮೊದಲೇ ತಿಳಿದಿರಲಿಲ್ಲ. ಕೊಟ್ಟೆ ಅಂದರೆ ಸಾಲದು, ಬಿಟ್ಟದ್ದು ಕಾಣಬೇಕು, ಕೋಣೆಯಿಂದ ಹೊರಗೆ ಬಂದು ಬೀಗ ಹಾಕಿ ಕೀಲಿಕೈ ಒಪ್ಪಿಸಿರಿ ಎಂದು ಖಾಜಿಯವರು ಅಲ್ಲೇ ಹೇಳಿದರು. ಹೊಸ್ತಿಲು ದಾಟಿದೆ, ಬೀಗ ಹಾಕಿದೆ, ಕೀಲಿಕೈ ನಿನಗೆ ಕೊಟ್ಟೆ. ಮದುವೆಯಾಗಿ ಹೊರಟ ದಿನ ಇದೇ ಹೊಸ್ತಿಲು ದಾಟುವಾಗ ಅತ್ತಿದ್ದೆ, ಆದರೆ ಹಬ್ಬಕ್ಕೆ ಬರುತ್ತೇನೆ ಎಂಬ ಧೈರ್ಯವಿತ್ತು. ಅಮ್ಮಿ ಸತ್ತ ಮೇಲೂ, ಮೂರರಲ್ಲಿ ಒಂದು ಪಾಲು ನನ್ನದು, ಯಾರನ್ನೂ ಕೇಳಬೇಕಿಲ್ಲ ಎಂದು ಒಳಗೊಂದು ಗುಣುಗುಣು ಇತ್ತು. ಸಹಿ ಮಾಡದೆ ಹಟ ಹಿಡಿದದ್ದೂ ಪೂರ್ತಿ ನಿನ್ನ ಸಲುವಾಗಿ ಅಲ್ಲ. ಬೀಗದ ಕೈ ಕೈಬಿಟ್ಟಾಗ ಅದೂ ಹೋಯಿತು. ಇನ್ನು ನನಗೆ ತವರು ಎಂಬುದಿಲ್ಲ.

ನೀನು ಊಟಕ್ಕೆ ಏಳಿ ಅಂದೆ. ಕೂತಿದ್ದರೆ ನಾಲ್ಕು ಜನರ ಮುಂದೆ ಅತ್ತುಬಿಡುತ್ತಿದ್ದೆ. ಅದಕ್ಕೇ ಬಸ್ಸಿಗೆ ತಡವಾಯಿತು ಅಂದೆ. ಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ. ನೋವಿದೆ, ಅದು ಬೇರೆ.

ಪಂಜಾ ನನ್ನ ಹತ್ತಿರವೇ ಉಳಿದಿದೆ. ಮಗ್ಗ ಕೊಟ್ಟ ಮೇಲೆ ಅದೂ ನಿನ್ನದೇ. ಯಾರ ಕೈಯಲ್ಲಾದರೂ ಕಳಿಸುತ್ತೇನೆ.

ನಸೀಮಾ


ನವಲಗುಂದ
3-2-2025

ಆಪಾ ಅವರಿಗೆ ರೂಬಿನಾಳ ಸಲಾಂ.

ನೀವು ಊಟ ಮಾಡದೆ ಹೋದಿರೆಂದು ಆ ದಿನದಿಂದ ಬೈಯುತ್ತಾ ಕೂತಿದ್ದೆ. ಕೋಳಿ ಸಾರು ಮಾಡಿದ್ದೆ, ವಕೀಲರಿಗೆ ಬೇಳೆ ಸಾರು, ಖಾಜಿಯವರೂ ವಕೀಲರೂ ಉಂಡು ಹೊಗಳಿ ಹೋದರು. ಕೊಟ್ಟವರು ಮಾತ್ರ ಉಪವಾಸ. ನಾನು ನಿಮ್ಮ ಕಾಲು ಮುಟ್ಟುವ ಮೊದಲೇ ನೀವು ಓಣಿ ದಾಟಿದ್ದಿರಿ.

ತವರಿಲ್ಲ ಎಂದು ಬರೆದಿದ್ದೀರಿ. ಇಷ್ಟೆಲ್ಲ ಕಾನೂನು ಕಲಿತಿರಿ, ಇಷ್ಟು ತಿಳಿಯಲಿಲ್ಲವೇ? ಮನೆ ಯಾರ ಹೆಸರಿನಲ್ಲಿದೆ ಎಂದು ನೋಡಿ ಯಾವ ಹೆಣ್ಣು ತವರಿಗೆ ಹೋಗುತ್ತಾಳೆ? ಕರೆಯುವವರಿದ್ದರೆ ಹೋಗುತ್ತಾಳೆ. ಅಮ್ಮಿ ಇಲ್ಲ, ಕರೆಯುವವಳು ಈಗ ನಾನು. ನನಗೆ ಕರೆಯಲು ನನ್ನ ಹೆಸರಿನಲ್ಲೊಂದು ಮನೆ ಬೇಕಿತ್ತು, ಅದನ್ನು ನೀವೇ ಕೊಟ್ಟಿರಿ.

ಎರವಲು ತಂದ ಪಂಜಾದಲ್ಲಿ ಶಿರೀನಳಿಗೆ ಕಲಿಸಲು ಶುರು ಮಾಡಿದ್ದೇನೆ. ಮೊದಲ ದಿನ ಅಮ್ಮಿ ಗೋರಿಯಿಂದೆದ್ದು ಬಂದು ಕೈ ಹಿಡಿಯುತ್ತಾರೆಂದು ಅಂಜಿದ್ದೆ. ಏನೂ ಆಗಲಿಲ್ಲ. ಶಿರೀನ ನೂಲು ಹರಿದಳು, ನಾನು ಚಿವುಟಿದೆ, ಅಷ್ಟೇ.

ಅಮ್ಮಿ ಹೋದ ಮೇಲೆ ದೊಡ್ಡ ಜಮಖಾನ ಹಿಡಿದಿಲ್ಲ. ಅಗಲದ ಕೆಲಸಕ್ಕೆ ಇಬ್ಬರು ಸರಿಸಮ ಕೂಡಬೇಕು. ಒಬ್ಬಳೇ ಕೂತರೆ ಒಂದು ಕಡೆ ಏರುತ್ತದೆ, ಒಂದು ಕಡೆ ಉಳಿಯುತ್ತದೆ. ಶಿರೀನಳಿಗೆ ಪರೀಕ್ಷೆ ಹತ್ತಿರ ಬಂತು. ಈಗ ಒಂದು ದೊಡ್ಡ ಕೆಲಸ ಒಪ್ಪಿಕೊಂಡಿದ್ದೇನೆ, ನಿಮ್ಮನ್ನು ನಂಬಿ, ನಿಮ್ಮನ್ನು ಕೇಳದೆ. ಎಣಿಕೆ ಮೊದಲಿನಿಂದ ಹೇಳಿಕೊಡುತ್ತೇನೆ. ನೀರಿಗೆ ಯಾರನ್ನೂ ಕಳಿಸುವುದಿಲ್ಲ, ಮನೆಯಲ್ಲಿ ನಳ ಬಂದಿದೆ.

ಪಂಜಾ ಯಾರ ಕೈಯಲ್ಲೂ ಕಳಿಸಬೇಡಿ. ನೀವೇ ತನ್ನಿ. ರಂಜಾನ್ ಚಂದ್ರ ಕಾಣುವ ಮೊದಲು ಬಂದು, ಹಬ್ಬ ಮುಗಿಸಿಕೊಂಡೇ ಹೋಗುವಷ್ಟು ಬಟ್ಟೆ ತನ್ನಿ. ಒಳ್ಳೆಯ ಸೀರೆ ತರಬೇಡಿ, ಬಣ್ಣ ಹತ್ತಿದರೆ ಹೋಗುವುದಿಲ್ಲ. ಇಷ್ಟು ದಿನ ಎಲ್ಲಿಗೆ ಎಂದು ದಾವೂದ ಭಾಯಿ ಕೇಳಿದರೆ, ತವರಿಗೆ ಎಂದು ಹೇಳಿ.

ರೂಬಿನಾ